ಫ್ಲೆಕ್ಸ್ ಡಿಸ್ಕ್: ರಬ್ಬರ್ ಸರಿಯೋ, ಪಾಲಿಯುರೆಥೇನ್ ಸರಿಯೋ?

ಹಳೆಯ ಕಾರಿನಲ್ಲಿ ಗೇರ್ ಹಾಕಿ ಹೊರಡುವಾಗ ಕೆಳಗಿನಿಂದ 'ಠಕ್' ಎಂಬ ಸದ್ದು ಬರುತ್ತಿದೆಯೇ? ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ನ ತುದಿಯ ಫ್ಲೆಕ್ಸ್ ಡಿಸ್ಕ್, ಅಂದರೆ ಬಾಗುವ ಜೋಡಣೆ ಬಿಲ್ಲೆ, ನೋಡಿ. ಬೋಲ್ಟ್ ತೂತುಗಳ ಸುತ್ತ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು.

ರಬ್ಬರ್ ಡಿಸ್ಕ್ ಒಳಗೆ ಗಟ್ಟಿ ದಾರದ ಸುತ್ತುಗಳಿರುತ್ತವೆ. ಎಳೆತವನ್ನು ದಾರ ತಾಳುತ್ತದೆ, ವೈಬ್ರೇಶನ್ನನ್ನು ರಬ್ಬರ್ ನುಂಗುತ್ತದೆ. ಹಾಗಾಗಿ ಕಾರು ಮೆತ್ತಗೆ ಓಡುತ್ತದೆ. ಆದರೆ ಗೇರ್‌ಬಾಕ್ಸ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಬೇಗ ಕೆಡುತ್ತದೆ. ಮೊದಲು ಆ ಸೋರಿಕೆ ನಿಲ್ಲಿಸಿ. ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಆಯಿಲ್ ಕಾಟ ಕಡಿಮೆ, ಬಿಗಿ ಜಾಸ್ತಿ. ಆ ಬಿಗಿಯೇ ಅದರ ತೊಂದರೆಯೂ ಹೌದು: ನಡುಕ ಸೀಟಿನವರೆಗೂ ಬರುತ್ತದೆ. ದಿನದ ಓಡಾಟಕ್ಕೆ ನಾನಂತೂ ರಬ್ಬರನ್ನೇ ಆರಿಸುತ್ತೇನೆ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವವರ ಮಾತು ಬೇರೆ. ತೀರಾ ಅಗ್ಗದ ರಬ್ಬರ್ ಡಿಸ್ಕ್ ಮಾತ್ರ ಬೇಡ. ಡಿಸ್ಕ್ ಕೈಗೆ ಸಿಗಲು ಎಕ್ಸಾಸ್ಟ್ (ಹೊಗೆ ಕೊಳವೆ) ಇಳಿಸುವ ಕೆಲಸವನ್ನು ಎರಡೆರಡು ಸಲ ಮಾಡಲು ಯಾರಿಗೂ ಇಷ್ಟವಿರಲ್ಲ, ಅಲ್ವಾ?

ಹಾಕುವ ಕೆಲಸ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚುವ ಮೊದಲು ಶಾಫ್ಟ್ ಮತ್ತು ಫ್ಲ್ಯಾಂಜ್ (ಡಿಸ್ಕನ್ನು ಬೋಲ್ಟ್ ಮಾಡುವ, ತೋಳುಗಳಿರುವ ಲೋಹದ ತುದಿ) ಮೇಲೆ ಗುರುತು ಹಾಕಿ, ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪಬಹುದು. ರಬ್ಬರ್ ಡಿಸ್ಕ್ ಮೇಲೆ ಬಾಣದ ಗುರುತಿದ್ದರೆ ಅದು ಫ್ಲ್ಯಾಂಜ್ ತೋಳಿನ ಕಡೆಗೇ ಇರಬೇಕು. ಬಿಗಿಯುವಾಗ ಫ್ಲ್ಯಾಂಜ್ ಕಡೆಯ ನಟ್ ಅಥವಾ ಬೋಲ್ಟನ್ನೇ ತಿರುಗಿಸಿ. ಡಿಸ್ಕ್ ಕಡೆಯಿಂದ ತಿರುಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಲಾಕ್ ನಟ್‌ಗಳಂತೂ ಹೊಸವೇ ಇರಲಿ.