ಡ್ರಮ್ಮೋ, ಗುಮ್ಮಟವೋ? ಎರಡರ ಮೇಲೂ ಅಡುಗೆ ಮಾಡಿ ನೋಡಿದ್ದು

ಶಿರಸಿ ಕಡೆಯ ಈ ಮನೆಗೆ ನಾನು ಮದುವೆಯಾಗಿ ಬಂದಾಗ ಮಾವ ಹಾಕಿಸಿದ್ದ ಕಬ್ಬಿಣದ ಡ್ರಮ್ಮಿನ ಗೋಬರ್ ಗ್ಯಾಸ್ ಇತ್ತು, ಖಾದಿ ಆಯೋಗದ ಮಾದರಿ. ಈಗ ಒಂಬತ್ತು ವರ್ಷದಿಂದ ದೀನಬಂಧು ಎಂಬ ಗುಮ್ಮಟದ ಮಾದರಿ. ಎರಡೂ ದಿನಕ್ಕೆ 2 ಘನ ಮೀಟರ್ ಗ್ಯಾಸಿನ ಅಳತೆಯವೇ; ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು.

ಡ್ರಮ್ಮು ಸಗಣಿ ನೀರಿನ ಮೇಲೆ ಬೋರಲಾಗಿ ತೇಲುವುದರಿಂದ ಗ್ಯಾಸ್ ಎಷ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಬೆಳಿಗ್ಗೆ ಅದು ಎಷ್ಟು ಮೇಲೆದ್ದಿದೆ ನೋಡಿ, ದೋಸೆಯ ಜೊತೆ ಅನ್ನಕ್ಕೂ ಸಾಕು ಎಂದು ಅತ್ತೆ ಅಂಗಳದಿಂದಲೇ ಹೇಳುತ್ತಿದ್ದರು. ಅದರ ಭಾರವೇ ಒತ್ತುವುದರಿಂದ ಉರಿ ಕೊನೆಯವರೆಗೂ ಒಂದೇ ಸಮ. ಒಳಗಿನ ಸಗಣಿ ನೀರು ಮೇಲೆ ಕೆನೆಗಟ್ಟಿದರೆ ಡ್ರಮ್ಮನ್ನು ಹಿಡಿದು ತಿರುಗಿಸಿದರಾಯಿತು.

ಆದರೆ ನಮ್ಮ ಮಳೆಗೆ ಕಬ್ಬಿಣ ಬಾಳುವುದಿಲ್ಲ. ಪ್ರತಿ ಬೇಸಿಗೆ ತುಕ್ಕು ಕೆರೆದು ಬಣ್ಣ ಬಳಿಯಬೇಕು. ಒಂದು ಆಷಾಢದಲ್ಲಿ ಸೋಪಿನ ನೊರೆ ಹಚ್ಚಿ ನೋಡಿದರೆ ಮೂರು ಕಡೆ ಗುಳ್ಳೆ ಏಳುತ್ತಿತ್ತು. ಚಳಿಗಾಲದಲ್ಲಿ ಕಬ್ಬಿಣ ಶಾಖ ಬಿಟ್ಟುಕೊಟ್ಟು ಗ್ಯಾಸ್ ಇಳಿಯುತ್ತಿತ್ತು, ಸಂಜೆಗೆ ಮತ್ತೆ ಸೌದೆ, ಮತ್ತೆ ಹೊಗೆ.

ದೀನಬಂಧು 1984ರಲ್ಲಿ ಆಫ್‌ಪ್ರೊ ಸಂಸ್ಥೆ ರೂಪಿಸಿದ ಮಾದರಿ. ಇಟ್ಟಿಗೆ, ಸಿಮೆಂಟಿನ ಗುಮ್ಮಟ, ಪೂರ್ತಿ ನೆಲದೊಳಗೆ. ತುಕ್ಕಿಲ್ಲ, ಬಣ್ಣವಿಲ್ಲ, ಮಣ್ಣು ಹೊದ್ದಿರುವುದರಿಂದ ಚಳಿಯೂ ಅಷ್ಟಾಗಿ ತಟ್ಟುವುದಿಲ್ಲ. ಎಲ್ಲ ನಿಂತಿರುವುದು ಮೇಸ್ತ್ರಿಯ ಕೈಗುಣದ ಮೇಲೆ: ಒಳಗಿನ ಗಿಲಾವಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗ್ಯಾಸ್ ನಿಲ್ಲದು. ಪಳಗಿದವರು ಸಿಗದಿದ್ದರೆ ಒಂದು ವರ್ಷ ಕಾಯಿರಿ, ಅವಸರ ಬೇಡ. ಉರಿ ಬೆಳಿಗ್ಗೆ ಭರ್ರೆನ್ನುತ್ತದೆ, ಗ್ಯಾಸ್ ಖರ್ಚಾದಂತೆ ಮೆತ್ತಗಾಗುತ್ತದೆ. ಹುಲ್ಲುಕಡ್ಡಿ ಒಳಗೆ ಹೋಗಿ ಕೆನೆಗಟ್ಟಿದರೆ ಇಲ್ಲಿ ತಿರುಗಿಸಲು ಡ್ರಮ್ಮಿಲ್ಲ. ಹಾಗಾಗಿ ದಿನವೂ ಕಲಸುವ ತೊಟ್ಟಿಗೆ ಮೊಣಕೈವರೆಗೆ ಕೈಯಿಳಿಸಿ ಕಡ್ಡಿ ಆರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಬಿಟ್ಟ ವಾರವೇ ಒಲೆ ಹೇಳಿಬಿಡುತ್ತದೆ.

ಇನ್ನು ಸಿಲಿಂಡರು. 1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ನಮ್ಮಲ್ಲಿ ಸಿಲಿಂಡರು ಈಗ ನೆಂಟರು ಬಂದಾಗ ಮಾತ್ರ. ಅದು ಖಾಲಿಯಾದರೆ ಮುಗಿಯಿತು. ಇಲ್ಲಿ ಗ್ಯಾಸ್ ಉರಿದ ಮೇಲೂ ಸ್ಲರಿ, ಅಂದರೆ ಹೊರಬರುವ ಸಗಣಿ ನೀರು, ಉಳಿಯುತ್ತದೆ, ನೇರ ಅಡಿಕೆ ಮರದ ಬುಡಕ್ಕೆ. ಡ್ರಮ್ಮಿನಲ್ಲೂ ಇದು ಸಿಗುತ್ತಿತ್ತು ಅನ್ನಿ.

ಎರಡರಲ್ಲಿ ನನ್ನ ಮತ ದೀನಬಂಧುವಿಗೇ. ಆದರೆ ದನ ಮಾರಿದ ಮನೆಗಳಲ್ಲಿ ಒಳ್ಳೆಯ ಗುಮ್ಮಟಗಳು ಒಣಗಿ ಕೂತಿರುವುದನ್ನು ಕಂಡು ಹೊಟ್ಟೆ ಉರಿಯುತ್ತದೆ. ಕಟ್ಟಿಸುವ ಮೊದಲು ಒಂದು ವಾರ ಕೊಟ್ಟಿಗೆಯ ಸಗಣಿ ತೂಗಿ ನೋಡಿ. 25 ಕೆಜಿಯಷ್ಟೇ ಬಂದರೆ 1 ಘನ ಮೀಟರಿನದು ಸಾಕು.