ಮಕ್ಕಳ ಪಿಚಿಂಗ್ ತಿದ್ದಿಕೊಡುವವರ ಬಗ್ಗೆ ಒಂದು ಎಚ್ಚರಿಕೆ

ಫೋನಿನ ವಿಡಿಯೊ ನೋಡಿ ಪಿಚಿಂಗ್‌ನ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವುದರ ದೋಷ ಹೇಳುತ್ತೇನೆ, ಕೆಲವೇ ವಾರಗಳಲ್ಲಿ ವೇಗ ಹೆಚ್ಚಿಸುತ್ತೇನೆ ಎಂದು ಮುಂದೆ ಬರುವ ಖಾಸಗಿ ತರಬೇತುದಾರರ ವಿಷಯದಲ್ಲಿ ಬೇಸ್‌ಬಾಲ್ ಆಡುವ ಮಕ್ಕಳ ಪೋಷಕರು ಎಚ್ಚರ ವಹಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹನ್ನೆರಡು ವರ್ಷದ ನನ್ನ ಮಗ ಅಂಥವರೊಬ್ಬರ ಬಳಿ ಕಲಿಯತೊಡಗಿದ ಮೇಲೆ ಮೊಣಕೈ ನೋವಿಗೆ ತುತ್ತಾಗಿ ಇಡೀ ಋತುವಿನ ಆಟ ಕಳೆದುಕೊಂಡ.

ಆ ತರಬೇತುದಾರರು ಮಾಡಿದ ವಿಶ್ಲೇಷಣೆಯೆಂದರೆ, ಒಂದೇ ಒಂದು ಎಸೆತದ ವಿಡಿಯೊವನ್ನು ಮಧ್ಯದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ವೃತ್ತಿಪರ ಪಿಚರ್ ಒಬ್ಬರ ಚಿತ್ರವಿಟ್ಟು, ಎರಡರ ಮೇಲೂ ಗೆರೆ ಎಳೆದು ತೋರಿಸಿದ್ದು. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳು, ಅಂದರೆ ಬಿಡಿ ಚಿತ್ರಗಳು ಇರುತ್ತವೆ. ಕೈ ಪೂರ್ತಿ ಹಿಂದಕ್ಕೆ ಬಾಗಿದ ಸ್ಥಿತಿಯಿಂದ ಚೆಂಡು ಬೆರಳು ಬಿಡುವವರೆಗಿನ ಚಲನೆ ಅದರಲ್ಲಿ ಒಂದೆರಡು ಫ್ರೇಮ್‌ಗಳಲ್ಲೇ ಮುಗಿದುಹೋಗುವುದರಿಂದ, ಕೈಯ ನಿಜವಾದ ಹಾದಿ ಕಾಣುವುದೇ ಇಲ್ಲ. ಸೆಕೆಂಡಿಗೆ ಕನಿಷ್ಠ 240 ಫ್ರೇಮ್‌ಗಳ ನಿಧಾನಗತಿಯ ವಿಡಿಯೊ ಬೇಕು, ಅದನ್ನು ಬದಿಯಿಂದಲೂ ಎದುರಿನಿಂದಲೂ ತೆಗೆಯಬೇಕು, ಮಗು ದಣಿದ ಮೇಲಿನ ಎಸೆತಗಳೂ ಅದರಲ್ಲಿರಬೇಕು.

ಮೊಣಕೈ ಕೆಳಗಿದೆ, ಮೇಲೆತ್ತು ಎಂಬುದು ಅವರ ತೀರ್ಪಾಗಿತ್ತು. ಆಮೇಲೆ ಮಗನನ್ನು ಪರೀಕ್ಷಿಸಿದ ಕ್ರೀಡಾ ಫಿಸಿಯೊಥೆರಪಿಸ್ಟ್ ಬೇರೆಯದೇ ಕಾರಣ ತೋರಿಸಿಕೊಟ್ಟರು. ಎಸೆತದ ಶಕ್ತಿ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಎದೆಗೆ, ಕೊನೆಗೆ ಕೈಗೆ ಸಾಗಬೇಕು. ಮುಂದಿನ ಪಾದ ನೆಲ ಮುಟ್ಟುವಾಗ ಸೊಂಟ ತಿರುಗತೊಡಗಿದ್ದರೂ ಭುಜಗಳು ಇನ್ನೂ ಬ್ಯಾಟರ್‌ನತ್ತ ತಿರುಗಿರಬಾರದು. ನನ್ನ ಮಗನ ಭುಜಗಳು ಪಾದ ಊರುವ ಮೊದಲೇ ತಿರುಗಿಬಿಡುತ್ತಿದ್ದವು, ಹಾಗಾಗಿ ಕೈ ಹಿಂದೆ ಉಳಿದು ಮೊಣಕೈ ಜೋಲುತ್ತಿತ್ತು. ಹೆಜ್ಜೆಯ ಲಯವನ್ನು ಮುಟ್ಟದೆ ಮೊಣಕೈಯನ್ನಷ್ಟೇ ಎತ್ತಿಸಿದ್ದರಿಂದ ಭಾರವೆಲ್ಲ ಕೈಯ ಮೇಲೇ ಉಳಿಯಿತು.

ಇದರ ಮೇಲೆ ಭಾರದ ಚೆಂಡುಗಳು ಬಂದವು. ನಿಯಮದ ಚೆಂಡು 5ರಿಂದ 5.25 ಔನ್ಸ್ ತೂಗುತ್ತದೆ. ಇವರು ಅದಕ್ಕಿಂತ ಎಷ್ಟೋ ಪಟ್ಟು ಭಾರದ ಚೆಂಡುಗಳನ್ನು ಪೂರ್ಣ ಬಲದಿಂದ ಎಸೆಯಿಸಿದರು. ಹೈಸ್ಕೂಲ್ ಪಿಚರ್‌ಗಳ ಮೇಲೆ ಆರು ವಾರ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ತರಬೇತಿ ಪಡೆದವರ ವೇಗ ಹೆಚ್ಚಿತಾದರೂ ಅವರಲ್ಲಿ ಶೇಕಡ 24ರಷ್ಟು ಮಂದಿ ಗಾಯಗೊಂಡರು. ಅವರು ವಯಸ್ಸಿನಲ್ಲಿ ನನ್ನ ಮಗನಿಗಿಂತ ದೊಡ್ಡವರು. ಹನ್ನೆರಡರ ಮಗುವಿನ ಮೊಣಕೈಯ ಒಳಬದಿಯ ಉಬ್ಬುಮೂಳೆ ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಪ್ರತಿ ಎಸೆತದ ಸೆಳೆತವೂ ಅಲ್ಲಿನ ಮೆದು ಬೆಳವಣಿಗೆಯ ಭಾಗದ ಮೇಲೆ ಬೀಳುತ್ತದೆ. ಲಿಟಲ್ ಲೀಗರ್ಸ್ ಎಲ್ಬೋ ಎಂದು ವೈದ್ಯರು ಕರೆಯುವ ತೊಂದರೆ ಇದೇ. ಅಲ್ಲಿ ನೋಯುತ್ತದೆ ಎಂದು ಮಗ ಹೇಳಿದಾಗ, ಹೊಸ ಚಲನೆಗೆ ಸ್ನಾಯು ಹೊಂದಿಕೊಳ್ಳುತ್ತಿದೆ, ಮಂಜುಗಡ್ಡೆ ಇಟ್ಟರೆ ಸಾಕು ಎಂಬ ಉತ್ತರ ಬಂತು. ಎಕ್ಸ್‌ರೇ ನೋಡಿದ ವೈದ್ಯರು ಎಸೆತವನ್ನೇ ಪೂರ್ತಿ ನಿಲ್ಲಿಸಿದರು.

ನನಗೆ ಅತ್ಯಂತ ಅಕ್ಷಮ್ಯವೆನಿಸುವುದು ಬೇರೊಂದು: ಮಗು ಪಂದ್ಯದಲ್ಲಿ ಎಷ್ಟು ಎಸೆತ ಹಾಕಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಮಾರ್ಗಸೂಚಿಯ ಪ್ರಕಾರ 11–12 ವಯಸ್ಸಿನವರಿಗೆ ದಿನಕ್ಕೆ 85 ಎಸೆತಗಳೇ ಮಿತಿ, 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ, ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತಕ್ಕೆ ಬಿಡುವು. ಪಂದ್ಯದ ಮರುದಿನವೇ ನಡೆಯುತ್ತಿದ್ದ ಅವರ ಪಾಠದ ಎಸೆತಗಳು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಕೈ ದಣಿದಿದ್ದರೂ ಎಸೆಯುವುದೇ ರೂಢಿಯಾದ ಹದಿಹರೆಯದ ಪಿಚರ್‌ಗಳಲ್ಲಿ ಶಸ್ತ್ರಚಿಕಿತ್ಸೆಯ ಸಂಭವ ಹಲವು ಪಟ್ಟು ಹೆಚ್ಚೆಂಬುದು 2006ರಿಂದಲೇ ತಿಳಿದಿರುವ ವಿಷಯ. ಮುಂಗಡ ಕೊಟ್ಟಿದ್ದ ಶುಲ್ಕವನ್ನೂ ಅವರು ಹಿಂದಿರುಗಿಸಲಿಲ್ಲ, ಅದು ಇರಲಿ.

ಮಗನ ಚೆಂಡಿನ ವೇಗ ಆ ವಾರಗಳಲ್ಲಿ ಹೆಚ್ಚಿದ್ದಂತೂ ನಿಜ. ವೇಗ ಅಳೆಯುವ ರಾಡಾರ್ ಗನ್‌ನ ಆ ಅಂಕಿಯಿರುವ ವಿಡಿಯೊ ತುಣುಕನ್ನು ಅವರು ಈಗಲೂ ಹೊಸ ಪೋಷಕರಿಗೆ ತೋರಿಸುತ್ತಿದ್ದಾರೆಂದು ಕೇಳಿದ್ದೇನೆ. ಯಾರಾದರೂ ನಿಮಗೆ ಅಂಥ ತುಣುಕು ತೋರಿಸಿದರೆ, ಅದರಲ್ಲಿರುವ ಮಗು ಮುಂದಿನ ಋತುವಿನಲ್ಲೂ ಆಡಿತೇ ಎಂದು ಕೇಳಿ, ಆ ಮಗುವಿನ ಮನೆಯವರೊಡನೆ ಮಾತನಾಡಿದ ಮೇಲಷ್ಟೇ ಹಣ ಕೊಡಿ.