ಸ್ಪೂಲ್ ಫೈಲನ್ನು ಪಿಡಿಎಫ್ ಮಾಡಲು ಮೂರು ದಾರಿ ನೋಡಿದೆ

ನಮ್ಮ ಲೆಡ್ಜರ್ ಇನ್ನೂ ಐಬಿಎಂನ ಹಳೇ ಬಿಸಿನೆಸ್ ಸರ್ವರ್ ಎಎಸ್/400 ಮೇಲೇ ಓಡುತ್ತದೆ. ಈಗ ಅದರ ಹೆಸರು ಐಬಿಎಂ ಐ, ಆದರೆ ಆಫೀಸಿನಲ್ಲಿ ಯಾರೂ ಹಾಗೆ ಕರೆಯಲ್ಲ. ಲೈನ್ ಪ್ರಿಂಟರ್ ಕೈಕೊಟ್ಟ ಮೇಲೆ ಔಟ್‌ಕ್ಯೂನಲ್ಲಿ, ಅಂದರೆ ಪ್ರಿಂಟಿನ ಸರದಿಯಲ್ಲಿ, ಸ್ಪೂಲ್ ಫೈಲುಗಳು (ಪ್ರಿಂಟ್ ಆಗಲು ಕಾದಿರುವ ರಿಪೋರ್ಟುಗಳು) ರಾಶಿ ಬಿದ್ದವು. ಪಿಡಿಎಫ್ ಮಾಡಿಕೊಡಿ ಅಂದರು ಅಕೌಂಟ್ಸ್‌ನವರು.

ಮೊದಲು ಬಿಟ್ಟಿ ದಾರಿ ಹಿಡಿದೆ. ಕಾಪಿ ಸ್ಪೂಲ್ ಫೈಲ್ ಕಮಾಂಡ್‌ನಿಂದ ಸ್ಪೂಲನ್ನು ಸಾಲಿಗೆ 133 ಅಕ್ಷರದ ಫಿಸಿಕಲ್ ಫೈಲಿಗೆ (ಸರ್ವರ್‌ನ ಡೇಟಾ ಫೈಲು) ಇಳಿಸುವುದು, ಅಲ್ಲಿಂದ ಐಎಫ್ಎಸ್‌ಗೆ (ಸರ್ವರ್‌ನಲ್ಲೇ ಪಿಸಿಯಂತೆ ಫೋಲ್ಡರ್ ಇರುವ ಜಾಗ) ಟೆಕ್ಸ್ಟ್ ಆಗಿ ತರುವುದು, ಪಿಸಿಯಲ್ಲಿ ಪಿಡಿಎಫ್ ಮಾಡುವುದು. 132 ಕಾಲಂ ರಿಪೋರ್ಟಿಗೆ 133 ಯಾಕೆ? ಮೊದಲ ಅಕ್ಷರ ಪ್ರಿಂಟರಿಗೆ ಕೊಟ್ಟ ಸೂಚನೆ. 1 ಇದ್ದರೆ ಹೊಸ ಪುಟ, 0 ಇದ್ದರೆ ಒಂದು ಸಾಲು ಬಿಟ್ಟು ಬರೆ, + ಇದ್ದರೆ ಹಿಂದಿನ ಸಾಲಿನ ಮೇಲೇ ಮತ್ತೆ ಬರೆ. ಈ + ನನ್ನ ಮರ್ಯಾದೆ ತೆಗೆಯಿತು. ಅಕ್ಷರ ದಪ್ಪಗೆ ಕಾಣಲಿ ಅಂತ ಆರ್‌ಪಿಜಿ ಭಾಷೆಯಲ್ಲಿ ಬರೆದ ನಮ್ಮ ಹಳೇ ಪ್ರೋಗ್ರಾಂ ಒಟ್ಟು ಮೊತ್ತದ ಸಾಲನ್ನು ಎರಡು ಸಲ ಹೊಡೆಯುತ್ತದೆ. ಕಾಗದದ ಮೇಲೆ ಒಂದೇ ಸಾಲು, ಟೆಕ್ಸ್ಟ್‌ನಲ್ಲಿ ಎರಡು. ಒಟ್ಟು ಎರಡೆರಡು ಸಲ ಬಂದಿದೆಯಲ್ಲ ಸರ್ ಅಂತ ಫೋನು ಬಂತು. ಅದನ್ನು ಸರಿಮಾಡಿದರೆ ಅಗಲದ ತಲೆನೋವು: 10 ಸಿಪಿಐನಲ್ಲಿ (ಇಂಚಿಗೆ 10 ಅಕ್ಷರ) 132 ಕಾಲಂ ಅಂದರೆ 13.2 ಇಂಚು, ಅಡ್ಡ ಹಾಕಿದ ಎ4 ಹಾಳೆ 11.69 ಇಂಚು. 12 ಸಿಪಿಐಗೆ ಇಳಿಸಿದ ಮೇಲೆ 11 ಇಂಚಿನಲ್ಲಿ ಕೂತಿತು.

ಎರಡನೆಯದು ಆಕ್ಸೆಸ್ ಕ್ಲೈಂಟ್ ಸಲ್ಯೂಷನ್ಸ್, ಪಿಸಿಯಿಂದ ಈ ಸರ್ವರ್ ಬಳಸಲು ಐಬಿಎಂ ಕೊಡುವ ಸಾಫ್ಟ್‌ವೇರ್. ಪ್ರಿಂಟರ್ ಔಟ್‌ಪುಟ್ ಕಿಟಕಿ ತೆರೆದು, ಫೈಲ್ ಆರಿಸಿ, ಡೌನ್‌ಲೋಡ್ ಮಾಡಿದರೆ ಆಯಿತು. ಒಂದೆರಡು ಫೈಲಿಗೆ ಬಲು ಸಲೀಸು. ತಿಂಗಳ ಕೊನೆಯ ರಾಶಿಗೆ ಕ್ಲಿಕ್ ಮಾಡಿ ಮಾಡಿ ಬೆರಳು ನೋಯುತ್ತದೆ.

ಮೂರನೆಯದು ಅದೇ ಕಾಪಿ ಕಮಾಂಡ್, ಆದರೆ ಫಿಸಿಕಲ್ ಫೈಲಿನ ಗೊಡವೆಯೇ ಇಲ್ಲ. ಐಬಿಎಂ ಐ 7.1 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದರೆ ಐಎಫ್ಎಸ್‌ನ ಫೋಲ್ಡರ್ ಮತ್ತು ಫೈಲ್ ಹೆಸರು ಕೊಟ್ಟು ಪಿಡಿಎಫ್ ಅಂದರೆ ಸಾಕು. ಪುಟ ಅದರದರ ಜಾಗದಲ್ಲೇ ಮುರಿಯಿತು, ಒಟ್ಟು ಮೊತ್ತ ಒಂದೇ ಸಲ ಬಂತು. ಸಿಎಲ್ ಪ್ರೋಗ್ರಾಂನಲ್ಲಿ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಪ್ರೋಗ್ರಾಂ) ಹಾಕಿ ರಾತ್ರಿ ಓಡಲು ಬಿಟ್ಟೆ. ಇದಕ್ಕೆ ಸರ್ವರ್‌ನಲ್ಲಿ ಟ್ರಾನ್ಸ್‌ಫಾರ್ಮ್ ಸರ್ವೀಸಸ್ ಎಂಬ ಐಬಿಎಂ ಸಾಫ್ಟ್‌ವೇರ್, ಅಂದರೆ 5770-ಟಿಎಸ್1, ಇರಲೇಬೇಕು. ಎರಡನೇ ದಾರಿಯ ಪಿಡಿಎಫ್ ಕೂಡ ಅದರದೇ ಕೈಕೆಲಸ. ಅದಿಲ್ಲದಿದ್ದರೆ ಅಲ್ಲೂ ಬರೀ ಟೆಕ್ಸ್ಟೇ ಸಿಗುವುದು. ಮೂರು ದಾರಿ ಅಂತ ಹೊರಟೆ, ನೋಡಿದರೆ ಎರಡೇ!

ಮೂರನೆಯದನ್ನೇ ಇಟ್ಟುಕೊಂಡಿದ್ದೇನೆ. ವಸೂಲಿ ನೋಡುವವರಿಗೆ ಮಾತ್ರ ಈಗಲೂ ಟೆಕ್ಸ್ಟೇ ಬೇಕು, ಎಕ್ಸೆಲ್‌ಗೆ ಸುರಿದುಕೊಳ್ಳಲು. ಅವರಿಗೆ ಮೊದಲ ಕಾಲಂ ಕತ್ತರಿಸಿ, + ಸಾಲು ತೆಗೆದು ಕಳಿಸುತ್ತೇನೆ.